ಎರಡನೆಯ ಸಲವೂ ನಾನೇ

ಸುಮಾ, ಕುಮಟಾದ ಹುಡುಗನ ಜೊತೆ ನಿನ್ನ ಮದುವೆಯ ಮಾತು ಮುರಿದದ್ದು ನಾನು — ಅದು ನಿನಗೆ ಗೊತ್ತು, ನೀನು ಕ್ಷಮಿಸಿಯೂ ಆಗಿದೆ. ಆಮೇಲೆ ನಿನ್ನನ್ನು ಕೇಳಿ ಬಂದ ಶಿರಾಲಿಯವರು ಹಿಂದೆ ಸರಿದದ್ದೂ ನನ್ನಿಂದಲೇ. ಅದು ನಿನಗೆ ಗೊತ್ತಿಲ್ಲ. ನಾಳೆ ನೀನು ನಿನ್ನ ಸ್ವಂತ ಅಪ್ಪನ ವಿರುದ್ಧ ನನ್ನ ಜೊತೆ ಪೊಲೀಸ್ ಠಾಣೆಗೆ ಬರುವವಳಿದ್ದೀಯ. ಯಾರ ಜೊತೆ ಬರುತ್ತಿದ್ದೀಯ ಎಂಬುದು ಅದಕ್ಕಿಂತ ಮೊದಲು ನಿನಗೆ ತಿಳಿದಿರಬೇಕು.

ಮೊದಲನೆಯ ಸಲ ನಾನೇನೂ ಯೋಚಿಸಿಟ್ಟಿರಲಿಲ್ಲ. ಕುಮಟಾದ ಹುಡುಗನ ಅಕ್ಕ ಹೊನ್ನಾವರದ ನನ್ನ ಪಾರ್ಲರಿಗೆ ಹುಬ್ಬು ತಿದ್ದಿಸಿಕೊಳ್ಳಲು ಬಂದಳು. ನಾನು ನಿನ್ನ ಸೋದರತ್ತೆಯ ಮಗಳೆಂದು ತಿಳಿದೇ ಬಂದಿದ್ದಳು. ಕಣ್ಣು ಮುಚ್ಚಿ ಕುರ್ಚಿಗೆ ಒರಗಿದವಳು "ಹುಡ್ಗಿ ಹೆಂಗೆ?" ಎಂದಳು. ದಾರದ ತುದಿ ನನ್ನ ಹಲ್ಲಿನಲ್ಲಿತ್ತು. ಬಿಡಿಸಿಕೊಂಡು ಹೇಳಿದೆ: "ಹುಡ್ಗಿ ಒಳ್ಳೇದೇ. ಸಣ್ಣಿದ್ದಾಗಿಂದ ಪಿಟ್ಸ್ ಬತ್ತದೆ, ಅಷ್ಟೇಯ. ನಾ ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ."

ಎಷ್ಟು ಸಲೀಸಾಗಿ ಬಂತು ಆ ಮೂರ್ಛೆರೋಗದ ಸುಳ್ಳು! ನಿಜವನ್ನು ಹೇಳಬಹುದಿತ್ತು — ಹುಡುಗಿಯಲ್ಲ, ಹುಡುಗಿಯ ಅಪ್ಪ ಎಂಥವನೆಂದು ಕೇಳಿ, ಎನ್ನಬಹುದಿತ್ತು. ಆದರೆ ನಿಜ ಹೇಳಿದರೆ ಮರ್ಯಾದೆ ಹೋಗುವುದು ನನ್ನದು ಎಂದೇ ನಾನು ಕಲಿತಿದ್ದೆ. ಕಲಿಸಿದವಳು ನನ್ನ ಹೆತ್ತ ಆಯಿ. ಧಾರೇಶ್ವರದ ನಿಮ್ಮ ಮನೆ ನನಗೆ ಅಜ್ಜಿಮನೆ. ಆ ಬೇಸಿಗೆ ರಜೆಯಲ್ಲಿ ನನಗೆ ಹನ್ನೊಂದು, ನೀನಿನ್ನೂ ತೊಟ್ಟಿಲಲ್ಲಿದ್ದೆ. ನಿನ್ನಪ್ಪ ನನಗೆ ಏನು ಮಾಡಿದ ಎಂಬುದನ್ನು ನಾಳೆ ಹೇಳಬೇಕಾದಲ್ಲಿ ಹೇಳುತ್ತೇನೆ. ಇಲ್ಲಿ ಇಷ್ಟು ಸಾಕು — ಒಂದು ಸಲವಲ್ಲ, ರಜೆ ಮುಗಿಯುವ ತನಕ. ಆಯಿಗೆ ಹೇಳಿದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಎಂತದೂ ಆಗ್ಲಿಲ್ಲ. ಯಾರ ಹತ್ರನೂ ಹೇಳೂದಿಲ್ಲ, ಆತಾ?"

ಆತು, ಎಂದೆ. ನಿನ್ನಪ್ಪ ಊರಿನಲ್ಲಿ ದೊಡ್ಡವನಾದ. ಗಂಡ-ಹೆಂಡಿರ ಜಗಳಕ್ಕೂ ಬೇಲಿಯ ತಕರಾರಿಗೂ ನ್ಯಾಯ ಹೇಳಲು ಅವನನ್ನೇ ಕರೆದರು. ನಾನು ಕದ ಹಾಕಿದ ಕೋಣೆಯಲ್ಲಿ ಒಬ್ಬಳೇ ಮಲಗಲಾರದವಳಾದೆ, ಬಂದ ಸಂಬಂಧಗಳನ್ನೆಲ್ಲ ಬೇಡವೆಂದೆ. ಕುಮಟಾದವರು ಒಲ್ಲೆವೆಂದ ಸುದ್ದಿ ಬಂದ ದಿನ ಅವನು ತಲೆಗೆ ಕೈ ಹೊತ್ತು ಕುಳಿತಿದ್ದನಂತೆ. ಆಯಿ ಬಂದು ಹೇಳಿ ಕಣ್ಣೊರೆಸಿಕೊಂಡಳು. ನಾನು ಒಳಗೆ ಹೋಗಿ ನಕ್ಕೆ. ಹೌದು ಸುಮಾ, ನಕ್ಕೆ. ಅವತ್ತು ಹೊಟ್ಟೆ ತುಂಬ ಉಂಡೆ.

ಮಾತು ಎಲ್ಲಿಂದ ಹೊರಟಿತೆಂದು ಹುಡುಕಿಕೊಂಡು ನೀನು ಒಂದು ಮಧ್ಯಾಹ್ನ ಪಾರ್ಲರಿಗೆ ಬಂದೆ. ಬೈಯಲಿಲ್ಲ. "ಅಕ್ಕಾ, ನಾ ನಿಂಗೆ ಎಂತ ಮಾಡಿದ್ದೆ?" ಎಂದೆ. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು — "ನಿನ್ನಪ್ಪನ್ನ ಕೇಳು." ನೀನು ಯಾಕೆ ಎನ್ನಲಿಲ್ಲ. ಗಿರಾಕಿಯ ಕುರ್ಚಿಯಲ್ಲಿ ಕೂತೆ. ನೀನೇ ಹೇಳಿದೆ: "ಸಣ್ಣಿದ್ದಾಗ ಅಮ್ಮ ನನ್ನ ಅವ್ನ ಹತ್ರ ಒಬ್ಳೇ ಬಿಡ್ತಾನೇ ಇರ್ಲಿಲ್ಲ. ಎಂತಕ್ಕೆ ಅಂತ ಈಗ ಗೊತ್ತಾತು."

ಅಂದರೆ ಅತ್ತೆಗೆ, ನಿನ್ನಮ್ಮನಿಗೆ, ಗೊತ್ತಿತ್ತು. ತನ್ನ ಮಗಳನ್ನು ಕಾಯುವಷ್ಟು ಗೊತ್ತಿತ್ತು, ನನ್ನನ್ನು —

ನೀನು ನನ್ನ ಕೈ ಹಿಡಿದುಕೊಂಡೆ. ಮದುವೆ ತಪ್ಪಿಸಿದ ಕೈಯನ್ನು. ನನ್ನ ಮಾತನ್ನು ನಂಬಿದ ಮೊದಲನೆಯವಳು ನೀನು. ತಾಲೂಕಾಸ್ಪತ್ರೆಗೆ ಬರುವ ಆಪ್ತಸಮಾಲೋಚಕಿಯ ಹತ್ತಿರ ನನ್ನನ್ನು ಎಳೆದುಕೊಂಡು ಹೋದವಳೂ ನೀನೇ. ಪ್ರತಿ ಸಲವೂ ನೀನು ಹೊರಗಿನ ಬೆಂಚಿನ ಮೇಲೆ ಕಾದೆ. ಸಮಾಲೋಚಕಿ ಮೊದಲು ಕೇಳಿದ್ದು "ನಿದ್ದೆ ಬರ್ತದಾ?" ಎಂದು. ಅದನ್ನು ಯಾರೂ ಕೇಳಿರಲಿಲ್ಲ. ನಿಧಾನಕ್ಕೆ ನಿದ್ದೆ ಬರತೊಡಗಿತು.

ಹಾಗಿದ್ದೂ ಎರಡನೆಯ ಸಲ ಮಾಡಿದೆ.

ಶಿರಾಲಿಯ ಸಂಬಂಧ ಗಟ್ಟಿಯಾಗುತ್ತಿದ್ದ ಹೊತ್ತು. ಚಿಕ್ಕಮ್ಮನ ಹೊಸ ಮನೆಯ ಒಕ್ಕಲಿನಲ್ಲಿ ನಿನ್ನಪ್ಪ ಊಟದ ಪಂಕ್ತಿಯ ನಡುವೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. "ನಮ್ಮ ಸುಮನ್ನ ಶೃಂಗಾರ ಮಾಡೂಕೆ ಇವ್ಳೇ ಬರ್ಬೇಕು" ಎಂದ. ಎಲ್ಲರೂ ನಕ್ಕರು. ನಾನು ಎಲೆಯ ಮುಂದೆ ಅನ್ನ ಕಲಸುತ್ತ ಕೂತೇ ಇದ್ದೆ. ಮರುದಿನ ಶಿರಾಲಿಗೆ ಫೋನು ಮಾಡಿ ಅದೇ ಪಿಟ್ಸಿನ ಕಥೆ ಹೇಳಿದೆ. ಆಗ ಬಾಯಿ ಜಾರಿದ್ದಲ್ಲ. ನೀನು ಅಳುತ್ತೀಯೆಂದು ಗೊತ್ತಿತ್ತು — ನಿನ್ನ ಅಳುವನ್ನು ದಾಟಿಯೇ ಅವನನ್ನು ಮುಟ್ಟಬಹುದು ಎಂದೂ ಗೊತ್ತಿತ್ತು.

ಶಿರಾಲಿಯವರೂ ಒಲ್ಲೆವೆಂದಾಗ ನೀನು ಅದನ್ನು ಹಳೆಯ ಸುಳ್ಳಿನ ಬಾಲವೆಂದುಕೊಂಡೆ. "ಹೋಗ್ಲಿ ಬಿಡು ಅಕ್ಕಾ. ಇನ್ನು ಸುಮ್ನಿರೂದು ಬೇಡ, ಕಂಪ್ಲೇಂಟ್ ಕೊಡುವ" ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಶಿರಾಲಿಯವರಿಗೆ ಫೋನು ಮಾಡಿ, ನಾನು ಹೇಳಿದ್ದು ಹಸೀ ಸುಳ್ಳು, ಹುಡುಗಿಗೆ ಯಾವ ಕಾಯಿಲೆಯೂ ಇಲ್ಲ ಎಂದೆ. ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿದೆಯಂತೆ. "ನೀವೆಂತಾ ಹೆಂಗ್ಸು?" ಎಂದು ಕೇಳಿ ಅವರು ಫೋನಿಟ್ಟರು.

ನಿನ್ನಪ್ಪನ ಮೇಲಿನ ಹಗೆ ನನ್ನಲ್ಲಿ ಕಡಿಮೆಯಾಗಿದೆ ಎಂದುಕೊಳ್ಳಬೇಡ. ಅವನು ನ್ಯಾಯ ಹೇಳುವ ಜಗಲಿಯಲ್ಲೇ ಪೊಲೀಸರು ಅವನ ಹೆಸರು ಕೂಗಬೇಕು, ಊರೆಲ್ಲ ಕೇಳಬೇಕು. ಮುದುಕನಾದ ಎಂದು ಕನಿಕರ ತೋರಿಸುವವರ ಮಾತು ನನ್ನ ಕಿವಿಗೆ ಬೀಳದು. ಆದರೆ ನನ್ನ ಬಾಯಲ್ಲಿ ಒಂದು ಸುಳ್ಳು ಉಳಿದರೂ ಅವನು ಅದರೊಳಗಿಂದಲೇ ನುಸುಳಿ ಹೋಗುತ್ತಾನೆ. ಅದಕ್ಕೇ ನಾಳೆ ಅವನು ಮಾಡಿದ್ದರ ಜೊತೆ ನಾನು ನಿನಗೆ ಮಾಡಿದ್ದನ್ನೂ ಹೇಳುತ್ತೇನೆ. ಅವನ ವಕೀಲ ನನ್ನನ್ನು ಸುಳ್ಳುಬುರುಕಿ ಎನ್ನಲಿ. ಎರಡು ಸಲ ಸುಳ್ಳು ಹೇಳಿದ್ದೇನೆ, ಹೌದು ಎನ್ನುತ್ತೇನೆ. ಇದು ಸುಳ್ಳಲ್ಲ ಎಂದೂ ಹೇಳುತ್ತೇನೆ.

ಅವನನ್ನು ಹೊಡೆಯಲು ನಿನ್ನನ್ನು ಕೋಲು ಮಾಡಿಕೊಂಡೆ. ನೀನು ಬಾರದಿದ್ದರೆ ಒಬ್ಬಳೇ ಹೋಗುತ್ತೇನೆ, ಸುಮಾ. ಬಾ ಎಂದು ಕರೆಯುವ ಮುಖ ನನಗೆ ಉಳಿದಿಲ್ಲ.