ತಗಡಿನ ಕೆಳಗಿನ ಗೆರೆ

ಕೈಗೆ ಸಿಗದ್ದನ್ನು ನಂಬುವವನು ನಾನಲ್ಲ. ಯಾರಾದರೂ ಕಾಣಬಾರದ್ದನ್ನು ಕಂಡೆವೆಂದು ಹೇಳತೊಡಗಿದರೆ ಎದ್ದು ಹೋಗಿಬಿಡುತ್ತಿದ್ದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ಬೇಕಾದ್ದನ್ನೆಲ್ಲ ದುಡಿದು ಕಲಿತಿದ್ದೇನೆ, ಯಾರ ಮುಂದೂ ಕೈಕಟ್ಟಿ ನಿಂತಿಲ್ಲ. ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಸವದತ್ತಿಯಿಂದ ಮನೋಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿರುವ ಬರ್ಫದ ಕಾರ್ಖಾನೆಯಲ್ಲಿ ನಾನು ಮೇಸ್ತ್ರಿ. ಉಪ್ಪುನೀರಿನ ಟ್ಯಾಂಕಿನಲ್ಲಿ ಡಬ್ಬಿ ಇಳಿಸಿ, ಒಳಗಿನ ನೀರು ಕಲ್ಲಿನಂತೆ ಗಟ್ಟಿಯಾದ ಮೇಲೆ ಲಾದಿ, ಅಂದರೆ ಮಂಜುಗಡ್ಡೆಯ ದಿಮ್ಮಿ, ತೆಗೆಯುತ್ತೇವೆ. ಅವು ಹೊಳೆಯ ಮೀನಿನವರಿಗೆ, ಬೈಲಹೊಂಗಲ, ರಾಮದುರ್ಗದ ಸೋಡಾ ಅಂಗಡಿಗಳಿಗೆ ಹೋಗುತ್ತವೆ. ಲಾದಿ ಹೇರುವ ಜಾಗದ ಕಾಂಕ್ರೀಟ್ ನೆಲ ಹಾಕಿದವನೂ ನಾನೇ. ಗೌಂಡಿ ಅರ್ಧಕ್ಕೆ ಕೈಕೊಟ್ಟು ಹೋದಾಗ ಮೂರು ದಿನ ನಿಂತು ಮುಗಿಸಿದ್ದೆ. ಬಂದವರಿಗೆಲ್ಲ ಅದನ್ನು ತೋರಿಸದೆ ಬಿಡುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಮನೋಳಿಯ ಜೋಶಿ ಮಾಸ್ತರರ ಮಗಳು ಮೇಧಾ ಬಂದಳು. ಅಜ್ಜನ ಕಾಲದವರೆಗೆ ಪೂಜೆ ಮಾಡಿಕೊಂಡು, ಪುರಾಣ ಹೇಳಿಕೊಂಡಿದ್ದ ಮನೆತನ. ಈಕೆಯ ಕೆಲಸ ಹಿಮಾಲಯದ ಹಿಮನದಿಗಳ ಆಳ ಅಳೆಯುವುದು. ಊಟದ ಡಬ್ಬಿಯಷ್ಟಿರುವ ರಾಡಾರ್ ಪೆಟ್ಟಿಗೆ ತಂದಿದ್ದಳು. ಅದು ಬರ್ಫದೊಳಗೆ ಒಂದು ಅಲೆ ಬಿಡುತ್ತದೆ, ಅಲೆ ತಳಕ್ಕೆ ಬಡಿದು ತಿರುಗಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿ ಆಳ ಹೇಳುತ್ತದೆ. ಬರ್ಫದಲ್ಲಿ ಗಾಳಿ ಸೇರಿದ್ದರೆ ಅಲೆ ಬೇಗ ಬಂದು ಆಳ ಕಡಿಮೆ ಕಾಣುತ್ತದೆ, ನೀರು ಸೇರಿದ್ದರೆ ಹೆಚ್ಚು ಕಾಣುತ್ತದೆ. ಬೆಟ್ಟ ಹತ್ತುವ ಮೊದಲು ಪೆಟ್ಟಿಗೆಯ ತಪ್ಪು ಎಷ್ಟಿದೆ ಎಂದು ತಿಳಿಯಬೇಕು, ಅದಕ್ಕೆ ಎತ್ತರ ಗೊತ್ತಿರುವ ಬರ್ಫ ಬೇಕು ಎಂದಳು. ನನ್ನ ಕಸುಬನ್ನು ಹುಡುಕಿಕೊಂಡು ಬಂದಳಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಹೇರುವ ಜಾಗದಲ್ಲಿ ದಪ್ಪನೆಯ ಕಬ್ಬಿಣದ ತಗಡು ಹಾಸಿಸಿದಳು. ಈ ಅಲೆ ಕಬ್ಬಿಣ ದಾಟುವುದಿಲ್ಲವಂತೆ. ಹಾಗಾಗಿ ಕೊನೆಗೆ ಕಾಣುವುದು ತಗಡಿನ ಗೆರೆ, ಅದರಾಚೆ ಏನೂ ಇರಬಾರದು. ನಾನೂ ಹಮಾಲ ಯಲ್ಲಪ್ಪನೂ ಆ ತಗಡಿನ ಮೇಲೆ ಆರು ಅಡಿ ಎತ್ತರಕ್ಕೆ ಲಾದಿ ಒಟ್ಟಿದೆವು. ಆಕೆ ನಿಚ್ಚಣಿಕೆ ಏರಿ ಪೆಟ್ಟಿಗೆಯನ್ನು ಮೇಲಿಟ್ಟಳು.

ಆರು ಅಡಿಗೆ ಗೆರೆ ಬಂತು. ಮೂರು ಅಡಿ ಕೆಳಗೆ, ಒಂಬತ್ತಕ್ಕೆ, ಇನ್ನೊಂದು ಬಂತು. ನಡುವೆ ಬಾಗಿದ, ಬಾಣಲೆಯ ತಳದಂಥ ಗೆರೆ. ಪರದೆಯ ಮೇಲೆ ಅದನ್ನು ನಾವು ಮೂವರೂ ನೋಡಿದೆವು.

ಪಕ್ಕದ ವಸ್ತುಗಳಿಗೆ ಬಡಿದ ಅಲೆಯೂ ಕೆಳಗಿನಿಂದ ಬಂದಂತೆ ಕಂಡು ಮೋಸಮಾಡುತ್ತದಂತೆ. ಅದಕ್ಕೆ ನಮ್ಮ ಕೊಕ್ಕೆ, ಮೊಬೈಲು, ಕೈಗಾಡಿ ಎಲ್ಲವನ್ನೂ ಹೊರಗೆ ಕಳಿಸಿದಳು. ಪೆಟ್ಟಿಗೆ ತಿರುಗಿಸಿಟ್ಟಳು. ಅಲೆ ಎರಡು ಸಲ ಪುಟಿದರೆ ಹನ್ನೆರಡು ಅಡಿಗೆ ಕಾಣಬೇಕು, ಒಂಬತ್ತಕ್ಕಲ್ಲ ಎಂದಳು. ಎಂಟು ಸಲ ಅಳೆದಳು. ಎಂಟೂ ಸಲ ಅದೇ.

"ತಪ್ಪು ಅದ ಕಾಕಾ," ಎಂದಳು ಕೊನೆಗೆ. "ಎಲ್ಲಿ ತಪ್ಪೇನಿ ಅನ್ನೋದು ತಿಳೀವಲ್ತು. ಖರೇ ಅಂತ ಹಿಡಿದರ ನಿಮ್ಮ ನೆಲದ ಬುಡಕ ಪೊಳ್ಳ ಅದ ಅಂತಾಗ್ತದ."

"ಆ ನೆಲಾ ನಾ ಹಾಕೇನ್ರಿ, ಅಕ್ಕೋರ," ಎಂದೆ. ಮಾತು ಸ್ವಲ್ಪ ಬಿರುಸಾಗಿಯೇ ಬಂತು.

ಯಲ್ಲಪ್ಪನಿಗೆ ಇಷ್ಟು ಸಾಕಾಯಿತು. "ಮಷಿನ್ನಿನ ಮ್ಯಾಲೆ ಯಾಕ ಸಿಟ್ಟಾಗತಿ ಮೇಸ್ತ್ರಿ? ನಿನ್ನ ಸಿಮಿಟ್ ರುಚಿ ಹತ್ತಿ ಹೆಗ್ಗಣ ಬಿಡದಂಗ ತಿಂದಿರಬೇಕು."

ಆಕೆ ನಗಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಂಡು ಸಾಮಾನು ಕಟ್ಟತೊಡಗಿದಳು. ನಾವು ಲಾದಿ ಸರಿಸಿ ತಗಡು ಎತ್ತಿದೆವು. ನನ್ನ ಕೆಲಸ ಪೊಳ್ಳು ಎಂಬ ಮಾತು ಆಕೆಯ ಪುಸ್ತಕದಲ್ಲಿ ಬೆಟ್ಟದವರೆಗೆ ಹೋಗುವುದು ನನಗೆ ಬೇಡವಾಗಿತ್ತು. ಬಸ್ಸಿಗೆ ಹೊರಟವಳನ್ನು ನಿಲ್ಲಿಸಿ, ಹಾರೆ ತಂದು, ಆಕೆಯ ಕಣ್ಣೆದುರೇ ಹೊಡೆದೆ.

ಎರಡು ಏಟಿಗೆ ಕಿಡಿ ಹಾರಿತು. ಮೂರನೆಯ ಏಟಿಗೆ ಹಾರೆ ನನ್ನ ಕೈಯಿಂದ ಜಾರಿ ನೆಲದೊಳಗೆ ಹೊರಟುಹೋಯಿತು. ಕೆಳಗೆ ಬಿದ್ದ ಸಪ್ಪಳ ಆಮೇಲೆ ಕೇಳಿಸಿತು. ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಒಂದು ಹೊರಸಿನಷ್ಟು ನೆಲ ಕುಸಿದು ಕೂತಿತು.

ಟ್ಯಾಂಕಿನ ಉಪ್ಪುನೀರು ಎಷ್ಟೋ ವರ್ಷದಿಂದ ಸೋರಿ ಮಣ್ಣನ್ನೆಲ್ಲ ತೊಳೆದುಕೊಂಡು ಹೋಗಿತ್ತು. ಮಣ್ಣನ್ನು ಸರಿಯಾಗಿ ಧಮ್ಮಸು ಬಡಿದು ಗಟ್ಟಿಮಾಡದೆ ಸಿಮೆಂಟ್ ಸುರಿದವನು ನಾನೇ. ಅದು ನನ್ನ ತಪ್ಪು, ಒಪ್ಪುತ್ತೇನೆ. ಟೇಪು ಇಳಿಬಿಟ್ಟೆ: ನಡುವೆ ಮೂರು ಅಡಿ, ತಳ ಬಾಣಲೆಯಂತೆ. ಇನ್ನರ್ಧ ತಾಸಿಗೆ ಬರಬೇಕಾಗಿದ್ದ ಟೆಂಪೊದ ಹಿಂದಿನ ಗಾಲಿ ನಿಲ್ಲುವ ಜಾಗ ಅದು. ಲಾದಿ ಎಳೆದುಕೊಳ್ಳಲು ಯಲ್ಲಪ್ಪ ದಿನಾ ನಿಲ್ಲುವ ಜಾಗವೂ ಅದೇ. ಅವನು ತೊಯ್ದ ನೆಲದ ಮೇಲೆ ಹಾಗೇ ಕುಳಿತುಬಿಟ್ಟ. ಅಷ್ಟು ಬರ್ಫದ ಭಾರ ಹೊತ್ತು ನಿಂತಿದ್ದ ನೆಲ ಮೂರು ಏಟಿಗೆ ಹೇಗೆ ಹೋಯಿತೋ, ಅದೂ ನನಗೆ ತಿಳಿಯಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ತಗಡಿನ ಅಂಚನ್ನು ಸುತ್ತಿಕೊಂಡು ಅಲೆ ಹೇಗೋ ಕೆಳಗಿಳಿದಿರಬೇಕು ಎಂದು ಮೇಧಾ ಹೇಳಿಯೇ ಹೋಗಿದ್ದಳು. ಎರಡು ತಿಂಗಳ ಮೇಲೆ ಆಕೆಯ ಫೋನು ಬಂತು. ಬೆಟ್ಟದ ಬುಡದ ಯಾವುದೋ ಊರಿನಿಂದ ಮಾತಾಡುತ್ತಿದ್ದಳು.

"ಕಾಕಾ, ಆ ದಿನದ ಫೈಲ್ ತಗದು ನೋಡಿದೆ. ತಗಡಿನ ಗೆರಿ ಅದ. ಅದರ ಕೆಳಗ ಏನೂ ಇಲ್ಲ."

ಅಳಿಸಿ ಹೋಗಿರಬೇಕು ಎಂದೆ. ಎಂಟೂ ಅಳತೆ ಹಾಗೇ ಇವೆ, ಎಂಟೂ ಸ್ವಚ್ಛ ಇವೆ, ಮಷಿನ್ನು ಅಂದು ತಪ್ಪೇ ಮಾಡಿಲ್ಲ ಎಂದಳು.

"ಹಂಗಾದ್ರ ಒಂಬತ್ತಡಿ ಅಂತ ಓದಿದವರು ನೀವ ಅಲ್ರಿ?"

"ಹೌದು ಕಾಕಾ. ನಾನ ಓದಿದೆ."

ಗುಂಡಿ ಕಂಡಾಗಲೂ ನಾನು ಇಷ್ಟು ಹೆದರಿರಲಿಲ್ಲ.

ಮರುದಿನ, ಫೋನಿನ ಸುದ್ದಿ ಎತ್ತದೆ, ಅಂದು ಪರದೆಯಲ್ಲಿ ಏನು ಕಂಡೆ, ಬರೆದು ತೋರಿಸು ಎಂದು ಯಲ್ಲಪ್ಪನನ್ನು ಕೇಳಿದೆ. ಅವನು ಆಗಷ್ಟೇ ತೆಗೆದ ಲಾದಿಯ ಬಿಳಿ ಮಂಜಿನ ಮೇಲೆ ಬೆರಳಿನಿಂದ ಒಂದು ನೆಟ್ಟಗಿನ ಗೆರೆ ಎಳೆದ. ಅದರ ಕೆಳಗೆ ಇನ್ನೊಂದು, ನಡುವೆ ಬಾಗಿದ್ದು. ಎಳೆದು ನನ್ನ ಮುಖ ನೋಡಿದ. ನಾನು ಕಂಡದ್ದೂ ಅದೇ ಗೆರೆ.