ಹಿಮ್ಮುಖವಾಗಿ ಘಾಟಿ ಹತ್ತಿದ ರೆಕ್ಕೆ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಮಂಗಳೂರಿಗೆ ಹಡಗಿನಲ್ಲಿ ಬಂದ ವಿಮಾನದ ರೆಕ್ಕೆಯನ್ನು ಮಡಿಕೇರಿ ದಾರಿಯಾಗಿ ಬೆಂಗಳೂರಿಗೆ ಸಾಗಿಸುವ ಹೊಣೆ ನನ್ನದು. ವಾರದ ಮುಂಚೆಯೇ ಬಂದು ರಸ್ತೆ, ಸೇತುವೆಗಳ ಅಗಲವನ್ನೆಲ್ಲ ಟೇಪು ಹಿಡಿದು ಅಳೆದಿದ್ದೆ. ರೆಕ್ಕೆಯನ್ನಿಟ್ಟ ಮೂವತ್ತಡಿ ಪೆಟ್ಟಿಗೆ ತಿರುವಿನಲ್ಲಿ ತಿರುಗುತ್ತದೆಯೇ ಎಂದು ಮಾತ್ರ ಯೋಚಿಸಿರಲಿಲ್ಲ.

ಸಂಪಾಜೆ ಘಾಟಿಯ ಮೊದಲ ಕಡಿದಾದ ತಿರುವಿನಲ್ಲೇ ಲಾರಿ ಸಿಕ್ಕಿಕೊಂಡಿತು. ಪೆಟ್ಟಿಗೆಯ ಹಿಂತುದಿ ಕಣಿವೆಯ ಮೇಲೆ ಚಾಚಿತ್ತು. ನಮ್ಮ ಡ್ರೈವರ್ ಬ್ರೇಕಿನಿಂದ ಕಾಲು ತೆಗೆಯಲೊಲ್ಲ.

ಮೇಲಿನಿಂದ ಬಂದ ಮರ ಸಾಗಿಸುವ ಲಾರಿಯನ್ನು ಬದಿಗೆ ನಿಲ್ಲಿಸಿ, ಅದರ ಮುದಿ ಡ್ರೈವರ್ ಇಳಿದು ಬಂದರು.

"ಇಲ್ಲಿ ಇಪ್ಪತ್ತೈದಡಿ ಮರ ತಿರುಗ್ತದೆ ಸಾರ್. ಅದಕ್ಕಿಂತ ಉದ್ದದ್ದು ತಿರುಗೂದಿಲ್ಲ."

"ಮತ್ತೆ ಉದ್ದದ ಮರ ಹೇಗೆ ಸಾಗಿಸ್ತೀರಿ, ಕಾಕಾ?"

"ತಿರುಗಿಸೂದೇ ಇಲ್ಲ. ಆ ಪೊದೆಯ ಹಿಂದೆ ನಾವೇ ಕಡಿದ ಜಾಗ ಉಂಟು. ಲಾರಿ ಮೂತಿ ಅಲ್ಲಿ ತೂರಿಸಿ, ಮುಂದಿನ ತಿರುವಿನವರೆಗೆ ರಿವರ್ಸಿನಲ್ಲೇ ಹತ್ತೂದು. ಅಲ್ಲಿ ಹಿಂಭಾಗ ತೂರಿಸಿದ್ರೆ ಮತ್ತೆ ಮೂತಿ ಮುಂದಾಗ್ತದೆ."

ಅವರೇ ನಮ್ಮ ಲಾರಿಯ ಸ್ಟೀರಿಂಗ್ ಹಿಡಿದರು. ನಾನು ಹಿಂಚಕ್ರಗಳ ಮೇಲೆ ಕಣ್ಣಿಟ್ಟು ಪಕ್ಕದಲ್ಲಿ ನಡೆದೆ. ಚಕ್ರದಡಿಯಿಂದ ಜಾರಿದ ಕಲ್ಲೊಂದು ಕಣಿವೆಗೆ ಉರುಳಿತು. ಅದು ತಳ ಮುಟ್ಟಿದ ಸದ್ದು ಕೇಳಿಸಲೇ ಇಲ್ಲ.

ಬೆಂಗಳೂರು ಸೇರುವವರೆಗೂ ರೆಕ್ಕೆಗೆ ಒಂದು ಗೀರೂ ಬೀಳಲಿಲ್ಲ. "ಲಾರಿ ಯೋಜನೆಯಂತೆ ಮುಂದೆ ಸಾಗಿತು" ಎಂದು ವರದಿ ಬರೆದೆ. ಯಾರ ಯೋಜನೆ ಎಂದು ಮೇಲಿನವರು ಕೇಳಲಿಲ್ಲ, ನಾನೂ ಹೇಳಲಿಲ್ಲ.