ಕೆಂಪು ಗದ್ದೆ

ಆಗ ಮಹಾರಾಜರ ಕಾಲ. ಸಾಲಿಗ್ರಾಮದಲ್ಲಿ ಒಬ್ಬ ಮುದುಕ ಚಿತ್ರಗಾರರ ಮನೆಯಲ್ಲಿ ಕಸ ಮುಸುರೆ ನನ್ನದು. ಅವರು ಬರೆಯುತ್ತಿದ್ದುದು ಬರೀ ಗದ್ದೆ, ಹೊಳೆ, ಬಾನು. ಮನುಷ್ಯರ ಮುಖ ಒಂದೂ ಇಲ್ಲ. ವಯಸ್ಸಾದ ಹಾಗೆ ಬಣ್ಣ ಜೋರಾಗುತ್ತಾ ಹೋಯಿತು. ಮುದುಕನಿಗೆ ಹರೆಯ ಬಂತು ಎಂದು ಊರವರು ನಗುತ್ತಿದ್ದರು.

ಬಣ್ಣದ ಪುಡಿಗಳು ಒಂದೇ ಅಳತೆಯ ತಗಡಿನ ಡಬ್ಬಿಗಳಲ್ಲಿ, ಹಲಗೆಯ ಮೇಲೆ ಸಾಲಾಗಿ ಇರುತ್ತಿದ್ದವು. ಮುಟ್ಟಿದರೆ ಬೈಗುಳ. ಬ್ರಾಹ್ಮಣರಲ್ಲವೇ, ಮಡಿ ಇರಬೇಕು ಎಂದುಕೊಂಡು ಸುಮ್ಮನಿದ್ದೆ.

ಆಯುಧಪೂಜೆ ಬಂತು. ಅಯ್ಯನವರು ದೇವಸ್ಥಾನಕ್ಕೆ ಹೋಗಿದ್ದರು. ಕುಡುಗೋಲು, ಒನಕೆ ತೊಳೆದಿಟ್ಟವಳು ಡಬ್ಬಿಗಳನ್ನು ಹೇಗೆ ಬಿಡಲಿ? ಎಲ್ಲವನ್ನೂ ಒರೆಸಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಪೂಜೆಯಾದ ಮೇಲೆ ಕೈಗೆ ಬಂದ ಹಾಗೆ ಹಲಗೆಗೆ ಜೋಡಿಸಿದೆ.

ಮಾರನೆಯ ಬೆಳಿಗ್ಗೆ ಅವರು ಬರೆಯಲು ಕೂತರು. ಮಧ್ಯಾಹ್ನ ಕಸ ಗುಡಿಸಲು ಹೋದವಳು ಹೌಹಾರಿದೆ.

"ಅಯ್ನೋರೆ, ಇದೇನ್ ಗದ್ದೆಗೆ ಬೆಂಕಿ ಬಿದ್ದದಾ?"

"ಬೆಂಕಿ ಎಲ್ಲೇ? ಪೈರು ಹಸಿರಲ್ವಾ?"

"ಹಸ್ರಾ? ಹಣ್ಣ್ ಮೆಣಸಿನಕಾಯಿ ಕಣ್ರೀ!"

ಮುದುಕರ ಕೈಯ ಕುಂಚ ನಿಂತಿತು. "ಡಬ್ಬಿ ಮುಟ್ಟಿದ್ಯಾ?"

"ಪೂಜೆ ಮಾಡ್ದೆ."

ಆಗ ಬಾಯಿಬಿಟ್ಟರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡದಿಂದ ಎಣಿಸಿ ಡಬ್ಬಿ ತೆಗೆಯುತ್ತಿದ್ದರು. ಯಾವ ಬಣ್ಣ ಎಂದು ತಿಳಿಯುತ್ತಿರಲಿಲ್ಲ; ಮಂದವಾದರೆ ಬಳಿದದ್ದೇ ಕಾಣದೆಂದು ಜೋರಾಗಿ ಬಳಿಯುತ್ತಿದ್ದರು. ಸಂಜೆ ಮೈಸೂರಿನಿಂದ ಮಗಳು ಬರುವವಳಿದ್ದಳು. ಗೊತ್ತಾದರೆ ಕುಂಚ ಕಿತ್ತುಕೊಂಡು ತನ್ನ ಮನೆಯಲ್ಲಿ ಕೂರಿಸುತ್ತಾಳೆ.

"ಅಳಿಸಿಬುಡಿ," ಎಂದೆ.

"ಥೂ! ಸುಮ್ನಿರಮ್ಮಿ. ಬಾನು ಯಾವ ಬಣ್ಣ ಆಗಿದೆ, ಹೇಳು."

"ಅರಿಸಿನ."

"ಗದ್ದೆ ಕೆಂಪು, ಬಾನು ಅರಿಸಿನ!" ಮುದುಕರು ತೊಡೆ ತಟ್ಟಿ ನಕ್ಕರು. "ಬದನೆ ಹೂವಿನ ಬಣ್ಣ ಎಲ್ಲಿದೆ, ಹುಡುಕು. ಬೇಗ!"

ನಾನು ಡಬ್ಬಿ ತೆರೆದು ಬಣ್ಣ ಕೂಗುವುದು, ಅವರು ಬಳಿಯುವುದು. ಕಾಲುವೆಗೆ ಬದನೆ ಹೂವು, ಬದುವಿಗೆ ನವಿಲಿನ ಕತ್ತು. ನನ್ನ ಮುಸುರೆ ಹಾಗೇ ಬಿದ್ದಿತ್ತು. ಒಲೆಯ ಮೇಲೆ ಅವರೇ ಇಟ್ಟಿದ್ದ ಸಾರು ಸೀದುಹೋಯಿತು. ಇಬ್ಬರಿಗೂ ಅದರ ಗಮನವಿರಲಿಲ್ಲ. ಅಷ್ಟು ಖುಷಿಯಾಗಿ ನಾನು ನನ್ನ ಮದುವೆಯಲ್ಲೂ ಓಡಾಡಿರಲಿಲ್ಲ.

ಸಂಜೆ ಮಗಳು ಬಂದವಳೇ ಚಿತ್ರದ ಮುಂದೆ ನಿಂತಳು.

"ಅಪ್ಪಾ, ಪೈರು ಎಲ್ಲಾದರೂ ಕೆಂಪಗಿರುತ್ತಾ? ಕಣ್ಣು ಸರಿಯಾಗಿದೆ ತಾನೇ?"

ನಾನು ಬಾಯಿ ಹಾಕಿದೆ.

"ಬೈಗ್ನಾಗೆ, ಹೊತ್ತು ಮುಳ್ಗೋವಾಗ, ಒಂದ್ ಗಳಿಗೆ ಅಂಗೇ ಕಾಣ್ತದೆ ಅಮ್ಮಾವ್ರೆ. ಮೈಸೂರಲ್ಲಿ ಗದ್ದೆ ಎಲ್ಲೈತೆ, ನೀವು ನೋಡೋಕೆ?"

ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಮತ್ತೆ ಚಿತ್ರ ನೋಡಿದಳು. ದೀಪ ಹಚ್ಚುವವರೆಗೂ ಅದರ ಮುಂದಿನಿಂದ ಕದಲಲಿಲ್ಲ. ಎರಡು ದಿನ ಇದ್ದು, ಒಬ್ಬಳೇ ವಾಪಸು ಹೋದಳು.

ಸುಳ್ಳು ಹೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ. ಅವಳ ಗಾಡಿ ಹೊರಟ ಮೇಲೆ ಅಂಟು ಕಾಯಿಸಿ ಡಬ್ಬಿಗಳ ಮುಚ್ಚಳಕ್ಕೆ ಬೀಜ ಅಂಟಿಸಿದೆ. ಕೆಂಪಿಗೆ ಹುಣಸೆ ಬೀಜ, ಹಸಿರಿಗೆ ಬತ್ತ, ಹಳದಿಗೆ ಕಡಲೆ. ಮುದುಕರು ಒಂದೊಂದನ್ನೂ ಬೆರಳಿನಿಂದ ತಡವಿ ನೋಡಿದರು.

"ನೀಲಿಗೆ?"

"ಅವರೆಕಾಳು. ನಾಳೆ ತತ್ತೀನಿ."

"ನಾಳೆ ಯಾಕೆ? ಈಗ್ಲೇ ಹೋಗು," ಎಂದರು.